ಆನರ್ಸ್ ಗಣಿತದ ತರಗತಿಯಲ್ಲಿ ಇಬ್ಬರೇ ಯಾಕೆ?

ಪ್ರಶ್ನೆ: ಮೇಡಂ, ನಾವು ನಾರ್ತ್ ಕ್ಯಾರೊಲೈನಾದ ಶಾರ್ಲಟ್ ನಗರದಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕಪ್ಪು ಮಕ್ಕಳು. ಆದರೆ ಅವಳ ಆನರ್ಸ್, ಅಂದರೆ ಮೇಲಿನ ಮಟ್ಟದ, ಗಣಿತದ ತರಗತಿಯ ಇಪ್ಪತ್ತೆಂಟು ಮಕ್ಕಳಲ್ಲಿ ಕಪ್ಪು ಮಕ್ಕಳು ಇಬ್ಬರೇ. "ಅಮ್ಮಾ, ಯಾಕೆ ಹೀಗೆ?" ಅಂತ ಕೇಳಿದಳು. ಕನ್ನಡ ಕೂಟದ ಸ್ನೇಹಿತರಲ್ಲಿ ಈ ಮಾತು ತೆಗೆದರೆ "ಅವರ ಮನೆಗಳಲ್ಲಿ ಓದಿಗೆ ಬೆಲೆ ಇಲ್ಲ ಬಿಡಿ" ಅಂದರು. ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಎದುರು ಹೇಳಲು ತಿಳಿಯಲಿಲ್ಲ. ಈ ವರ್ಷ ಶಾಲೆಯ ಪೋಷಕರ ಸಮಿತಿಯಲ್ಲಿದ್ದೇನೆ. ಏನು ಮಾಡಿದರೆ ಈ ಅಂತರ ನಿಜವಾಗಿ ಕಡಿಮೆಯಾಗುತ್ತದೆ? ನನ್ನಂಥವಳಿಂದ ಏನಾದರೂ ಆದೀತೇ?

ಉತ್ತರ: ನಿಮ್ಮ ಮಗಳ ಪ್ರಶ್ನೆಗೆ ಉತ್ತರಿಸುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಉತ್ತರದ ಅರ್ಧ ಪಾಲು ಅದರಲ್ಲೇ ಇದೆ.

ತುಮಕೂರಿನಿಂದ ಹೋದವಳು ಅಮೆರಿಕದ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸಲು ಶುರುಮಾಡಿ ಆಗ ನಾಲ್ಕನೇ ವರ್ಷ. ಏಳನೇ ತರಗತಿಯ ಮಕ್ಕಳಲ್ಲಿ ಯಾರು ಮುಂದಿನ ವರ್ಷ ಆಲ್ಜೀಬ್ರಾ ತರಗತಿಗೆ ಹೋಗಬೇಕು ಎಂದು ಶಿಫಾರಸು ಬರೆಯುವುದು ಶಿಕ್ಷಕರ ಕೈಯಲ್ಲೇ ಇತ್ತು. ನಾನು ಹನ್ನೊಂದು ಹೆಸರು ಬರೆದುಕೊಟ್ಟೆ. ವರ್ಷದ ಕೊನೆಯಲ್ಲಿ ಒಬ್ಬ ಕಪ್ಪು ಹುಡುಗನ ಅಜ್ಜಿ ಬಂದರು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದರು. ಕೂಗಾಡಲಿಲ್ಲ. "ನನ್ನ ಮೊಮ್ಮಗನಿಗೆ ಎಷ್ಟು ಅಂಕ ಬಂದಿದೆ?" ಎಂದು ಕೇಳಿದರು. ಹೇಳಿದೆ. "ನಿಮ್ಮ ಪಟ್ಟಿಯಲ್ಲಿ ಇವನಿಗಿಂತ ಕಡಿಮೆ ಬಂದವರು ಇದ್ದಾರಾ?"

ಇದ್ದರು. ಮೂವರು. ಅವರಲ್ಲೊಬ್ಬಳು ನಮ್ಮ ಕಡೆಯವರ ಮಗಳೇ. ಅವಳ ಅಪ್ಪ ನನಗೆ ಎರಡು ಸಲ ಇಮೇಲ್ ಬರೆದಿದ್ದರು. ಈ ಹುಡುಗ ಹೋಮ್‌ವರ್ಕ್ ನೆಟ್ಟಗೆ ತರುತ್ತಿರಲಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಮಾತಾಡುತ್ತಿದ್ದ. "ಇನ್ನೊಂದು ವರ್ಷ ಹೋಗಲಿ, ಬುನಾದಿ ಗಟ್ಟಿಯಾಗಲಿ" ಎಂದು ಅವನ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಅವನನ್ನು ಕಂಡರೆ ನನಗೆ ಪ್ರೀತಿಯೇ ಇತ್ತು. ಆದರೂ ಹೆಸರು ಬರೆಯುವಾಗ ಪೆನ್ನು ಅವನ ಕಡೆ ಹೋಗಲಿಲ್ಲ. ಅವತ್ತೇ ಹೆಸರು ಸೇರಿಸಿದೆ. ಅಜ್ಜಿ ಬಾರದಿದ್ದ ಮಕ್ಕಳದು ಏನಾಯಿತು ಎನ್ನುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದೇ ನಾನು ಹೇಳಬೇಕಾದ ಮಾತು. ಯಾರಾದರೂ ಕೇಳಿದರೆ, ಶಿಫಾರಸು ಮಾಡಿದರೆ, ಇಮೇಲ್ ಬರೆದರೆ ಮಾತ್ರ ತೆರೆಯುವ ಬಾಗಿಲುಗಳು ಕಪ್ಪು ಮಕ್ಕಳ ಪಾಲಿಗೆ ಮುಚ್ಚಿಕೊಳ್ಳುತ್ತವೆ. ಅದೇ ಬಾಗಿಲನ್ನು ನಿಯಮವೇ ತೆರೆದಿಟ್ಟರೆ ಮಕ್ಕಳು ಒಳಗೆ ಬರುತ್ತಾರೆ, ಕಲಿಯುತ್ತಾರೆ. ಇದಕ್ಕೆ ಪುರಾವೆ ಬೇಕಾದಷ್ಟಿದೆ.

ಫ್ಲಾರಿಡಾದ ಬ್ರೋವರ್ಡ್ ಕೌಂಟಿಯನ್ನೇ ನೋಡಿ, ದೇಶದ ಅತಿ ದೊಡ್ಡ ಶಾಲಾ ಜಿಲ್ಲೆಗಳಲ್ಲೊಂದು. ಅಲ್ಲಿ 'ಗಿಫ್ಟೆಡ್', ಅಂದರೆ ವಿಶೇಷ ಪ್ರತಿಭೆಯ ಮಕ್ಕಳ, ತರಗತಿಗೆ ಮೊದಲು ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಬೇಕಿತ್ತು. 2005ರಲ್ಲಿ ಆ ಪದ್ಧತಿ ಬಿಟ್ಟು, ಎರಡನೇ ತರಗತಿಯ ಪ್ರತಿಯೊಂದು ಮಗುವಿಗೂ ಒಂದು ಚಿಕ್ಕ ಪರೀಕ್ಷೆ ಕೊಟ್ಟರು. ಅರ್ಹತೆಯ ಗೆರೆಯನ್ನು ಕೆಳಗಿಳಿಸಲಿಲ್ಲ, ಎಲ್ಲರನ್ನೂ ನೋಡಿದರು, ಅಷ್ಟೇ. ಗಿಫ್ಟೆಡ್ ಎಂದು ಗುರುತಾದ ಕಪ್ಪು ಮಕ್ಕಳ ಪ್ರಮಾಣ ಶೇ 80ರಷ್ಟು ಏರಿತು, ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳದು ಶೇ 130ರಷ್ಟು. ಅಲ್ಲಿಯವರೆಗೆ ಅಷ್ಟು ಮಕ್ಕಳು ಯಾರ ಕಣ್ಣಿಗೂ ಬೀಳದೆ ಅದೇ ತರಗತಿಗಳಲ್ಲಿ ಕೂತಿದ್ದರು! ಇದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೋ ಇನ್ನೊಂದು ಸಂಗತಿಯನ್ನೂ ಕಂಡುಕೊಂಡರು. ಅಲ್ಲಿ ಗಿಫ್ಟೆಡ್ ಮಕ್ಕಳ ಪ್ರತ್ಯೇಕ ತರಗತಿಯಲ್ಲಿ ಉಳಿದ ಸೀಟುಗಳನ್ನು ಹಿಂದಿನ ವರ್ಷ ಹೆಚ್ಚು ಅಂಕ ಪಡೆದ ಬೇರೆ ಮಕ್ಕಳಿಂದ ತುಂಬುತ್ತಿದ್ದರು. ಹಾಗೆ ಬಂದ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಓದು, ಗಣಿತ ಎರಡೂ ಗಣನೀಯವಾಗಿ ಸುಧಾರಿಸಿದವು. ಉಳಿದ ಮಕ್ಕಳಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. "ಇವರೆಲ್ಲ ಬಂದರೆ ನಮ್ಮ ಮಕ್ಕಳ ತರಗತಿಯ ಮಟ್ಟ ಇಳಿಯುತ್ತದೆ" ಎನ್ನುವ ಪೋಷಕರಿಗೆ ಇದನ್ನು ಹೇಳಿ. ಆಮೇಲೆ ಆರ್ಥಿಕ ಹಿಂಜರಿತ ಬಂತು, ಬಜೆಟ್ ಕತ್ತರಿಸಿದರು, ಎಲ್ಲರಿಗೂ ಪರೀಕ್ಷೆ ಎನ್ನುವ ಪದ್ಧತಿ ನಿಂತಿತು. ಹಳೆಯ ಅಂತರ ಮರಳಿ ಬಂತು.

ಮಕ್ಕಳು ಅದೇ ಮಕ್ಕಳು, ಮನೆಗಳೂ ಅವೇ ಮನೆಗಳು. ಬದಲಾಗಿದ್ದು ನಿಯಮವೊಂದೇ. "ಓದಿಗೆ ಬೆಲೆ ಕೊಡದ ಮನೆಗಳು" ಎನ್ನುವ ವಾದ ಇಲ್ಲಿಯೇ ಮುರಿದುಬೀಳುತ್ತದೆ.

ಆದರೂ ಆ ಮಾತನ್ನು ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಅದು ಬರೀ ತಪ್ಪು ಮಾಹಿತಿಯಲ್ಲ, ಒಂದು ಜನಸಮುದಾಯಕ್ಕೆ ಮಾಡುವ ಅವಮಾನ. ನೀವಿರುವ ನಾರ್ತ್ ಕ್ಯಾರೊಲೈನಾದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧ ಎಂದು 1830ರ ಹೊತ್ತಿಗೆ ಕಾನೂನನ್ನೇ ತಂದಿದ್ದರು. ಗುಲಾಮಗಿರಿ ಹೋದ ಮೇಲೆ ಅದೇ ಜನ ಮಾಡಿದ್ದೇನು ಗೊತ್ತೇ? 1912ರಿಂದ 1932ರವರೆಗೆ, ಕಪ್ಪು ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಅವರ ಮಾತಿಗೆ ಓಗೊಟ್ಟು ಉದ್ಯಮಿ ಜೂಲಿಯಸ್ ರೋಸನ್ವಾಲ್ಡ್ ದಕ್ಷಿಣದ ಹದಿನೈದು ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಕಟ್ಟಲು ನೆರವು ಕೊಟ್ಟರು. ಸುಮಾರು 5,000 ಶಾಲೆಗಳು ಎದ್ದವು, ಅತಿ ಹೆಚ್ಚು ನಿಮ್ಮ ರಾಜ್ಯದಲ್ಲೇ, 800ಕ್ಕೂ ಮೀರಿ. ರೋಸನ್ವಾಲ್ಡ್ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್. ಗೇಣಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಕುಟುಂಬಗಳು ತಾವೇ ಕೂಡಿಸಿ ಕೊಟ್ಟದ್ದು ಸುಮಾರು 47 ಲಕ್ಷ ಡಾಲರ್. ಅವರು ಕಟ್ಟಿದ ತೆರಿಗೆಯ ಹಣದಲ್ಲಿ ಬಿಳಿಯರ ಶಾಲೆಗಳು ನಡೆಯುತ್ತಿದ್ದವು. ತಮ್ಮ ಮಕ್ಕಳ ಶಾಲೆಗೆ ಅವರು ಮತ್ತೊಮ್ಮೆ ದುಡ್ಡು ಕೊಡಬೇಕಾಯಿತು. ಕೊಟ್ಟರು. ಓದಿಗೆ ಇದಕ್ಕಿಂತ ದೊಡ್ಡ ಬೆಲೆ ಯಾವ ಸಮುದಾಯ ಕಟ್ಟಿದೆಯೋ ನಾನರಿಯೆ.

ನಮ್ಮ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿರುವ ಭಾರತೀಯ ವಯಸ್ಕರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪದವೀಧರರು. ವೀಸಾ ಎನ್ನುವ ಜರಡಿ ಹಿಡಿದು ಆರಿಸಿ ತಂದಿರುವುದೇ ಅಂಥವರನ್ನು. ಜರಡಿಯ ಮೇಲೆ ಉಳಿದವರನ್ನು ಒಂದು ಇಡೀ ಜನಾಂಗದ ಜೊತೆ ಹೋಲಿಸುವುದು ಗಣಿತದ ದೃಷ್ಟಿಯಿಂದಲೂ ತಪ್ಪು. ನಮಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಕೂಡ ಕಪ್ಪು ಜನರು ಬೀದಿಗಿಳಿದು ನಡೆಸಿದ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲೇ, ಅದರ ಬಲದಿಂದಲೇ ಬಂದದ್ದು. ಇನ್ನು 'ಅರ್ಹತೆ' ಎನ್ನುವ ವಾದ ಕನ್ನಡಿಗರಿಗೆ ಹೊಸದೇನಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡಿಸುವ ಬಗ್ಗೆ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ಮೈಸೂರಿನಲ್ಲೂ ಇದೇ ವಾದ ಎದ್ದಿತ್ತು. ಅಂದು ತೆರೆದ ಬಾಗಿಲುಗಳಿಂದ ಓದಿ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ನಿಮ್ಮ ಕನ್ನಡ ಕೂಟದಲ್ಲೇ ಇರುತ್ತಾರೆ.

ಈಗ ನಿಮ್ಮ ಊರಿನ ಕತೆ. ಮಗಳಿಗೆ ಇದನ್ನು ಖಂಡಿತ ಹೇಳಬೇಕು.

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮೂರು ವರ್ಷದ ಮೇಲೆ, 1957ರ ಸೆಪ್ಟೆಂಬರ್ 4ರಂದು, ಡೊರೊತಿ ಕೌಂಟ್ಸ್ ಎಂಬ ಹದಿನೈದು ವರ್ಷದ ಹುಡುಗಿ ಶಾರ್ಲಟ್‌ನ ಹಾರ್ಡಿಂಗ್ ಹೈಸ್ಕೂಲಿಗೆ ನಡೆದುಹೋದಳು. ಬಿಳಿಯರ ಗುಂಪು ಉಗಿಯಿತು, ಕೈಗೆ ಸಿಕ್ಕಿದ್ದನ್ನು ಎಸೆಯಿತು. ಅವಳು ತಲೆ ಎತ್ತಿಯೇ ನಡೆದಳು. ನಾಲ್ಕು ದಿನಕ್ಕೆ ಮನೆಯವರು ಅವಳನ್ನು ಆ ಶಾಲೆಯಿಂದ ಬಿಡಿಸಬೇಕಾಯಿತು. ಮುಂದೆ ಅದೇ ಶಾರ್ಲಟ್‌ನಲ್ಲಿ ನೆಲೆಸಿ ಪುಟ್ಟ ಮಕ್ಕಳ ಶಿಕ್ಷಣಕ್ಕಾಗಿ ವರ್ಷಗಟ್ಟಲೆ ದುಡಿದರು ಎನ್ನುವುದನ್ನೂ ಮಗಳಿಗೆ ಹೇಳಿ.

1964ರಲ್ಲಿ ಡೇರಿಯಸ್ ಮತ್ತು ವೇರಾ ಸ್ವಾನ್ ಎಂಬ ಕಪ್ಪು ದಂಪತಿ ಅದೇ ಊರಿಗೆ ಮರಳಿದರು. ಎಲ್ಲಿಂದ ಅಂದುಕೊಂಡಿರಿ? ಭಾರತದಿಂದ. ಅಲ್ಲಿ ಮಿಷನರಿಗಳಾಗಿದ್ದರು. ಅವರ ಆರು ವರ್ಷದ ಮಗ ಜೇಮ್ಸ್‌ಗೆ ಬಣ್ಣದ ಮೇಲೆ ಶಾಲೆ ಬೇರೆಯಾಗುವುದು ಅಂದರೇನೆಂದೇ ಗೊತ್ತಿರಲಿಲ್ಲ. ಮನೆಗೆ ಹತ್ತಿರವಿದ್ದ, ಬಿಳಿಯ ಮಕ್ಕಳೂ ಓದುವ ಶಾಲೆಗೆ ಅವನನ್ನು ಸೇರಿಸಿಕೊಳ್ಳಿ ಎಂದು ಕೇಳಿದರು, ಶಾಲಾ ಮಂಡಳಿ ಒಪ್ಪಲಿಲ್ಲ. ಜೂಲಿಯಸ್ ಚೇಂಬರ್ಸ್ ಎಂಬ ಯುವ ವಕೀಲರು ಕೇಸು ಹಿಡಿದರು. ಅವರ ಕಾರಿಗೆ, ಮನೆಗೆ, ಕೊನೆಗೆ ಕಚೇರಿಗೂ ಬಾಂಬಿಟ್ಟರು, ಕೇಸು ಬಿಡಲಿಲ್ಲ. 1971ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಸ್ವಾನ್ ಕುಟುಂಬದ ಪರ ತೀರ್ಪಿತ್ತಿತು. ಮಕ್ಕಳನ್ನು ಬಸ್ಸಿನಲ್ಲಿ ಊರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿಯಾದರೂ ಶಾಲೆಗಳಲ್ಲಿ ಎಲ್ಲರೂ ಬೆರೆಯುವಂತೆ ಮಾಡಬಹುದು ಎಂದಿತು. ಶಾರ್ಲಟ್‌ನಲ್ಲಿ ನಗರ ಮತ್ತು ಅದರ ಸುತ್ತಲಿನ ಹೊರವಲಯ ಎರಡೂ ಒಂದೇ ಶಾಲಾ ಜಿಲ್ಲೆಗೆ ಸೇರಿದ್ದರಿಂದ ಇದು ಕೈಗೂಡಿತು. ಡೆಟ್ರಾಯಿಟ್‌ನಂಥ ಊರುಗಳಲ್ಲಿ ಹೊರವಲಯಗಳದು ಬೇರೆ ಬೇರೆ ಜಿಲ್ಲೆ. ಬಿಳಿಯರು ಗಡಿ ದಾಟಿ ಮನೆ ಮಾಡಿದರು, 1974ರಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಮಕ್ಕಳನ್ನು ಬೆರೆಸಲು ಆ ಗಡಿ ದಾಟಕೂಡದು ಎಂದುಬಿಟ್ಟಿತು. ಅದರ ಹಿಂದಿನ ವರ್ಷವೇ ಟೆಕ್ಸಾಸ್‌ನ ಒಂದು ಕೇಸಿನಲ್ಲಿ, ಜಿಲ್ಲೆಯ ಆಸ್ತಿ ತೆರಿಗೆ ಎಷ್ಟೋ ಶಾಲೆಯ ಹಣವೂ ಅಷ್ಟೇ ಎನ್ನುವ ಪದ್ಧತಿ ಇರಲಿ ಎಂದಿತ್ತು. ಈ ಎರಡು ತೀರ್ಪುಗಳ ಭಾರವನ್ನು ಅಮೆರಿಕದ ಕಪ್ಪು ಮಕ್ಕಳು ಐವತ್ತು ವರ್ಷಗಳಿಂದ ಹೊರುತ್ತಿದ್ದಾರೆ.

ಶಾರ್ಲಟ್‌ನ ಪ್ರಯೋಗವೂ ಉಳಿಯಲಿಲ್ಲ. ತನ್ನ ಮಗಳಿಗೆ ಬೇಕಾದ ಶಾಲೆ ಸಿಗಲಿಲ್ಲ ಎಂದು ಬಿಳಿಯ ತಂದೆಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ನ್ಯಾಯಾಲಯ ಹಳೆಯ ಆದೇಶವನ್ನು ತೆಗೆದುಹಾಕಿತು. 2002ರಿಂದ ಮಕ್ಕಳು ಮತ್ತೆ ತಮ್ಮ ತಮ್ಮ ಬಡಾವಣೆಯ ಶಾಲೆಗೆ ಹೋದರು. ಬಡಾವಣೆಗಳೇ ಬೇರೆಯಾಗಿದ್ದರಿಂದ ಶಾಲೆಗಳೂ ಬೇರೆಯಾದವು. ಈ ಬದಲಾವಣೆಯನ್ನು ಹಿಂಬಾಲಿಸಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು, ಹೊಸ ಗಡಿಗಳಿಂದ ಹೆಚ್ಚು ಪ್ರತ್ಯೇಕಗೊಂಡ ಶಾಲೆಗಳಿಗೆ ಬಿದ್ದ ಕಪ್ಪು ಹುಡುಗರು ಮುಂದೆ ಪೊಲೀಸ್ ಪ್ರಕರಣಗಳಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಯಿತು ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಒಂದು ಸಮಾಧಾನದ ಎಳೆಯೂ ಇದೆ: ಬಡ ಮಕ್ಕಳ ಶಾಲೆಗಳಿಗೆ ಜಿಲ್ಲೆ ಹೆಚ್ಚುವರಿ ಹಣ, ಸೌಲಭ್ಯ ಕೊಟ್ಟ ಕಡೆ ಕಲಿಕೆಗೆ ಬಿದ್ದ ಪೆಟ್ಟು ತಕ್ಕಮಟ್ಟಿಗೆ ತುಂಬಿಕೊಂಡಂತೆ ಕಾಣುತ್ತದೆ. 2014ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ದೇಶದ 50 ದೊಡ್ಡ ನಗರಪ್ರದೇಶಗಳನ್ನು ಅಳೆದರು. ಆದಾಯದಲ್ಲಿ ಕೆಳಗಿನ ಐದನೇ ಒಂದು ಪಾಲಿನಲ್ಲಿ ಹುಟ್ಟಿದ ಮಗು ಮೇಲಿನ ಐದನೇ ಒಂದು ಪಾಲಿಗೆ ಏರುವ ಸಂಭವ ಶಾರ್ಲಟ್‌ನಲ್ಲಿ ಶೇ 4.4, ಐವತ್ತರಲ್ಲಿ ಕೊನೆಯ ಸ್ಥಾನ. ನಾವು ಕನ್ನಡಿಗರು ಅಮೆರಿಕದಲ್ಲಿ ಮನೆ ಕೊಳ್ಳುವಾಗ ಮೊದಲು ನೋಡುವುದು 'ಸ್ಕೂಲ್ ರೇಟಿಂಗ್'. ಆ ರೇಟಿಂಗಿನ ಹಿಂದೆ ಇಷ್ಟು ಇತಿಹಾಸ ಇದೆ.

ಹಾಗಾದರೆ ಏನು ಮಾಡಿದರೆ ಫಲ ಸಿಗುತ್ತದೆ?

ದುಡ್ಡಿನ ಮಾತು ಮೊದಲು, ಯಾಕೆಂದರೆ "ಶಾಲೆಗೆ ಹಣ ಸುರಿದು ಪ್ರಯೋಜನವಿಲ್ಲ" ಎನ್ನುವುದನ್ನು ನೀವು ಸಭೆಗಳಲ್ಲಿ ಖಂಡಿತ ಕೇಳುತ್ತೀರಿ. ಪ್ರಯೋಜನವಿದೆ. ಸಂಶೋಧಕರಾದ ಕಿರಾಬೊ ಜಾಕ್ಸನ್, ರಕರ್ ಜಾನ್ಸನ್, ಕ್ಲಾಡಿಯಾ ಪರ್ಸಿಕೋ 2016ರಲ್ಲಿ ತೋರಿಸಿದ ಪ್ರಕಾರ, ಹನ್ನೆರಡೂ ವರ್ಷ ಪ್ರತಿ ಮಗುವಿನ ಮೇಲಿನ ಖರ್ಚನ್ನು ಶೇ 10ರಷ್ಟು ಹೆಚ್ಚಿಸಿದರೆ ಆ ಮಕ್ಕಳು ದೊಡ್ಡವರಾದ ಮೇಲೆ ಸುಮಾರು ಶೇ 7ರಷ್ಟು ಹೆಚ್ಚು ಸಂಬಳ ಗಳಿಸುತ್ತಾರೆ. ಬಡ ಕುಟುಂಬದ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು.

ಹಣಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಶಿಕ್ಷಕರ ವಿಷಯ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳು ಸುಮಾರು ಶೇ 15, ಕಪ್ಪು ಶಿಕ್ಷಕರು ಸುಮಾರು ಶೇ 7. ಇದು ತಾನಾಗಿ ಆದದ್ದಲ್ಲ. 1954ರ ತೀರ್ಪಿನ ನಂತರ ಶಾಲೆಗಳನ್ನು ಒಂದುಮಾಡುವಾಗ ಕಪ್ಪು ಮಕ್ಕಳ ಶಾಲೆಗಳನ್ನೇ ಮುಚ್ಚಿದರು; ದಕ್ಷಿಣದ ಮತ್ತು ಗಡಿ ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಮಕ್ಕಳನ್ನು ಒಳಗೆ ಕರೆದು ಅವರ ಗುರುಗಳನ್ನು ಹೊರಗೆ ಹಾಕಿದರು. ಇದರ ನಷ್ಟವೆಷ್ಟು ಎನ್ನುವುದು ಈಚೆಗೆ ಲೆಕ್ಕಕ್ಕೆ ಸಿಕ್ಕಿದೆ. ಟೆನೆಸ್ಸಿಯ ಮಕ್ಕಳನ್ನು ಬೆನ್ನುಹತ್ತಿದ ಅಧ್ಯಯನದಲ್ಲಿ, ಮೂರನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರ ಕೈಯಲ್ಲಿ ಕಲಿತ ಕಪ್ಪು ಮಕ್ಕಳು ಕಾಲೇಜು ಸೇರುವ ಸಂಭವ ಶೇ 13ರಷ್ಟು ಹೆಚ್ಚಿತ್ತು. ಇಬ್ಬರ ಕೈಯಲ್ಲಿ ಕಲಿತಿದ್ದರೆ ಶೇ 32. ನಿಮ್ಮ ರಾಜ್ಯದಲ್ಲೇ ತೀರಾ ಬಡತನದ ಕಪ್ಪು ಹುಡುಗರು ಮೂರರಿಂದ ಐದನೇ ತರಗತಿಯ ನಡುವೆ ಅಂಥ ಒಬ್ಬರು ಶಿಕ್ಷಕರನ್ನು ಪಡೆದಿದ್ದರೆ ಹೈಸ್ಕೂಲು ಬಿಟ್ಟುಹೋಗುವ ಸಂಭವ ಶೇ 39ರಷ್ಟು ಕಡಿಮೆ. ಒಬ್ಬರು ಶಿಕ್ಷಕರು, ಒಂದೇ ವರ್ಷ! ನನ್ನಂಥವರು ಅನ್ಯಾಯ ಮಾಡುತ್ತೇವೆ ಎಂದಲ್ಲ. ಹಿಂದಿನ ಸಾಲಿನ ಹುಡುಗನಲ್ಲಿ ನಾನು ಗಲಾಟೆ ಕಂಡೆ, ಅಲ್ಲಿ ಕಪ್ಪು ಶಿಕ್ಷಕರೊಬ್ಬರಿದ್ದಿದ್ದರೆ ತಮ್ಮ ಒಡಹುಟ್ಟಿದವನನ್ನೇ ಕಾಣುತ್ತಿದ್ದರು.

ಗಲಾಟೆ ಎಂದೆನಲ್ಲ, ಅದಕ್ಕೂ ಅಮೆರಿಕದಲ್ಲಿ ಲೆಕ್ಕವಿದೆ. 2013-14ರ ಸಾಲಿನಲ್ಲಿ ಒಟ್ಟು ಮಕ್ಕಳಲ್ಲಿ ಶೇ 15.5ರಷ್ಟಿದ್ದ ಕಪ್ಪು ಮಕ್ಕಳು, ಸಸ್ಪೆಂಡ್ ಆದವರಲ್ಲಿ ಶೇ 39ರಷ್ಟಿದ್ದರು. 'ಎದುರುತ್ತರ', 'ಅವಿಧೇಯತೆ' ಇಂಥ ಅವರವರ ಭಾವಕ್ಕೆ ಬಿಟ್ಟ ಕಾರಣಗಳಿಗೆ ಮಗುವನ್ನು ಮನೆಗೆ ಕಳಿಸಬಾರದು ಎಂದು ಕ್ಯಾಲಿಫೋರ್ನಿಯಾ 2015ರಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ನಿಯಮ ಮಾಡಿತು. ಮನೆಯಲ್ಲಿ ಕೂತ ಮಗು ಗಣಿತ ಕಲಿಯುವುದಿಲ್ಲ. ಇದಕ್ಕೆ ಅಧ್ಯಯನ ಬೇಕಿಲ್ಲ.

ಹಿಂದೆ ಬಿದ್ದ ಮಕ್ಕಳ ಗತಿ ಏನು ಎಂದು ನೀವು ಕೇಳಬಹುದು. ಶಿಕಾಗೋದ ಬಡ ಬಡಾವಣೆಗಳ ಹೈಸ್ಕೂಲುಗಳಲ್ಲಿ, ಬಹುಪಾಲು ಕಪ್ಪು ಮತ್ತು ಹಿಸ್ಪಾನಿಕ್ ಹುಡುಗರಿಗೆ, ದಿನವೂ ಶಾಲೆಯ ಹೊತ್ತಿನಲ್ಲೇ ಒಂದು ಪೀರಿಯಡ್ ಗಣಿತ ಹೇಳಿಕೊಟ್ಟರು, ಇಬ್ಬರು ಮಕ್ಕಳಿಗೆ ಒಬ್ಬ ಟ್ಯೂಟರ್. ಗಣಿತದ ಅಂಕ ಎದ್ದುಕಾಣುವಂತೆ ಏರಿತು, ನಪಾಸಾಗುವುದು ಇಳಿಯಿತು. "ಹೈಸ್ಕೂಲಿಗೆ ಬಂದ ಮೇಲೆ ತಡವಾಯಿತು" ಎನ್ನುವ ನಂಬಿಕೆ ಸುಳ್ಳಾಯಿತು. ನಾವು ನಮ್ಮ ಮಕ್ಕಳಿಗೆ ದುಡ್ಡು ಕೊಟ್ಟು ಕೊಡಿಸುವ ಟ್ಯೂಷನ್ ಇದೇ ತಾನೇ? ಶನಿವಾರದ ಗಣಿತದ ಕ್ಲಾಸಿಗೆ ಕಾರಿನಲ್ಲಿ ಬಿಟ್ಟುಬಂದು, ಸೋಮವಾರ ಮಗು ಚುರುಕಾಗಿ ಉತ್ತರ ಹೇಳಿದಾಗ ಅದನ್ನು ಪ್ರತಿಭೆ ಎನ್ನುತ್ತೇವೆ.

ಕಾಲೇಜಿನ ಮಾತನ್ನು ಬೇಗ ಮುಗಿಸುತ್ತೇನೆ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದು ಎಂದ ಮೇಲೆ, ಎಂಐಟಿಯ ಮೊದಲ ವರ್ಷದಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಸುಮಾರು ಶೇ 13ರಿಂದ ಶೇ 5ಕ್ಕೆ ಬಿತ್ತು. ಆದರೆ ನಿಮ್ಮ ಪಕ್ಕದ ಗ್ರೀನ್ಸ್‌ಬರೋದಲ್ಲಿ ನಾರ್ತ್ ಕ್ಯಾರೊಲೈನಾ ಎ ಅಂಡ್ ಟಿ ಇದೆ, ಕಪ್ಪು ಜನರಿಗಾಗಿ ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಇವತ್ತು ಎಲ್ಲಕ್ಕಿಂತ ದೊಡ್ಡದು. 1960ರಲ್ಲಿ ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕೌಂಟರಿನಲ್ಲಿ ಕೂತು ಚಳವಳಿಗೆ ಕಿಡಿ ಹಚ್ಚಿದ ನಾಲ್ವರು ಹುಡುಗರು ಅಲ್ಲಿಯವರು. ದೇಶದಲ್ಲಿ ಅತಿ ಹೆಚ್ಚು ಕಪ್ಪು ಎಂಜಿನಿಯರುಗಳು ಹೊರಬರುವುದೂ ಅಲ್ಲಿಂದಲೇ. ಅದಕ್ಕೆ ಸಲ್ಲಬೇಕಾದ ಹಣದಲ್ಲಿ ಮೂರು ದಶಕದಲ್ಲಿ ಸುಮಾರು 200 ಕೋಟಿ ಡಾಲರ್ ಕಡಿಮೆ ಬಿದ್ದಿದೆ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ರಾಜ್ಯಪಾಲರಿಗೆ ಪತ್ರ ಬರೆಯಿತು. ನೀವು ಅಲ್ಲಿ ಮತದಾರರಾಗಿದ್ದರೆ ಶಾಸಕರನ್ನು ಈ ಬಗ್ಗೆ ಕೇಳಿ.

ಇನ್ನು ನಿಮ್ಮ ಸಮಿತಿಯ ಕೆಲಸ. ನಿಮ್ಮ ಕೈಯಲ್ಲಿ ಒಳ್ಳೆಯ ಆಯುಧವಿದೆ. ರಾಜಧಾನಿ ರಾಲಿ ಮತ್ತು ಶಾರ್ಲಟ್‌ನ ಪತ್ರಿಕೆಗಳು 2017ರಲ್ಲಿ ಲೆಕ್ಕ ತೆಗೆದು, ಅಷ್ಟೇ ಒಳ್ಳೆಯ ಅಂಕ ಪಡೆದಿದ್ದರೂ ಬಡ ಮಕ್ಕಳನ್ನು ಮೇಲಿನ ತರಗತಿಗಳಿಂದ ಹೇಗೆ ಹೊರಗಿಡಲಾಗುತ್ತಿದೆ ಎಂದು ಬಯಲು ಮಾಡಿದವು. ಮರುವರ್ಷವೇ ರಾಜ್ಯ ಕಾನೂನು ತಂದಿತು: ವರ್ಷಾಂತ್ಯದ ಗಣಿತ ಪರೀಕ್ಷೆಯಲ್ಲಿ ಅತ್ಯುನ್ನತ ಮಟ್ಟ, ಅಂದರೆ ಲೆವೆಲ್ 5 ಪಡೆದ ಮಗುವನ್ನು ಮೇಲಿನ ಹಂತದ ಗಣಿತಕ್ಕೆ ಹಾಕಲೇಬೇಕು, ಬೇಡವೆಂದರೆ ಪೋಷಕರು ಬರೆದುಕೊಡಬೇಕು. ಹಾಗಾಗಿ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ ಕೇಳಿ: ಕಳೆದ ವರ್ಷ ಲೆವೆಲ್ 5 ಬಂದ ಮಕ್ಕಳು ಎಷ್ಟು, ಅವರಲ್ಲಿ ಆನರ್ಸ್‌ನಲ್ಲಿರುವವರು ಎಷ್ಟು, ಕಪ್ಪು ಮಕ್ಕಳಲ್ಲಿ ಈ ಎರಡು ಸಂಖ್ಯೆ ಎಷ್ಟೆಷ್ಟು? ಹೆಸರು ಬೇಡ, ಸಂಖ್ಯೆ ಸಾಕು. ನಿಜವಾದ ಜಗಳ ಇರುವುದು ಲೆವೆಲ್ 4ರ ಮಕ್ಕಳ ವಿಷಯದಲ್ಲಿ. ಅವರನ್ನು ಕಾನೂನು ಹಿಡಿದೆತ್ತುವುದಿಲ್ಲ. ಅಲ್ಲಿ ಮತ್ತೆ ಶಿಫಾರಸು, ಮತ್ತೆ ಇಮೇಲ್. ಅವರಿಗೂ ತಾನಾಗಿಯೇ ಸೀಟು, ಬೇಡವೆಂದವರು ಮಾತ್ರ ಬರೆದುಕೊಡಲಿ ಎಂದು ಶಾಲೆ ತನ್ನ ಮಟ್ಟದಲ್ಲೇ ಮಾಡಬಹುದೇ ಕೇಳಿ. ಟ್ಯೂಟರಿಂಗ್ ಶಾಲೆಯ ಹೊತ್ತಿನಲ್ಲೇ ಇರಲಿ ಎಂದು ಒತ್ತಾಯಿಸಿ, ಸಂಜೆ ಇಟ್ಟರೆ ಬಸ್ಸು ತಪ್ಪುವ ಮಕ್ಕಳೇ ತಪ್ಪಿಸಿಕೊಳ್ಳುತ್ತಾರೆ. ಸಮಿತಿಯ ಸಭೆ ಬೆಳಗ್ಗೆ ಹತ್ತಕ್ಕಿದ್ದರೆ ಸಮಯ ಬದಲಿಸಿ. ನನ್ನ ಹತ್ತಿರ ಬಂದ ಅಜ್ಜಿಯಂಥವರು ಆ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಾರೆ ಇಲ್ಲವೇ ಕೆಲಸದಲ್ಲಿರುತ್ತಾರೆ. ಅವರಿಲ್ಲದೆ ಅವರ ಮಕ್ಕಳ ಬಗ್ಗೆ ತೀರ್ಮಾನ ಮಾಡಬೇಡಿ. ಶಾಲೆಗಳ ಗಡಿ ಬದಲಿಸುವ ಸಭೆ ಬಂದಾಗ, ಮನೆಯ ಬೆಲೆ ಇಳಿಯುತ್ತದೆ ಎಂದು ನಮ್ಮವರೆಲ್ಲ ಒಟ್ಟಾಗಿ ವಿರೋಧಿಸುತ್ತಾರೆ. ಅವತ್ತು ನೀವು ಎದ್ದುನಿಂತು ಬೇರೆ ಮಾತಾಡಬೇಕಾಗಬಹುದು. ಅದು ಕಷ್ಟ, ಯುಗಾದಿ ಊಟಕ್ಕೆ ಹೋದಾಗ ಮುಖ ತಿರುಗಿಸುವವರಿರುತ್ತಾರೆ. ಆದರೂ ಮಾತಾಡಿ.

ಮಗಳಿಗೆ ಇಷ್ಟು ಹೇಳಿ: ನೀನು ಎಣಿಸಿದ್ದು ಸರಿ, ನಿನ್ನ ಸೀಟು ಯಾರಿಂದಲೂ ಕಿತ್ತುಕೊಂಡದ್ದಲ್ಲ, ಆದರೆ ಇನ್ನೂ ಕೆಲವು ಸೀಟು ಹಾಕಲು ಆ ಕೋಣೆಯಲ್ಲಿ ಜಾಗವಿದೆ. ಆ ಇಬ್ಬರು ಮಕ್ಕಳ ಹೆಸರು ಅವಳಿಗೆ ಗೊತ್ತಿದೆಯೇ ಕೇಳಿ. ಇನ್ನಾರೂ ಇಲ್ಲದ ತರಗತಿಯಲ್ಲಿ ದಿನವೂ ಕೂರುವುದು ಆ ಇಬ್ಬರಿಗೆ ಹೇಗಿರುತ್ತದೆ ಎನ್ನುವುದನ್ನು ನಿಮಗಿಂತ, ನನಗಿಂತ ಅವಳು ಬೇಗ ಅರ್ಥಮಾಡಿಕೊಳ್ಳುತ್ತಾಳೆ.

ಪರೀಕ್ಷೆಯ ಫಲಿತಾಂಶ ಬಂದು ಎಂಟನೇ ತರಗತಿಯ ಪಟ್ಟಿ ತಯಾರಾದ ಮೇಲೆ ನನಗೆ ಮತ್ತೆ ಬರೆಯಿರಿ. ಲೆವೆಲ್ 5 ಪಟ್ಟಿಯಲ್ಲಿ ಎಷ್ಟು ಜನರಿದ್ದರು, ತರಗತಿಯೊಳಗೆ ಎಷ್ಟು ಜನ ಬಂದು ಕೂತರು, ಎರಡೂ ಸಂಖ್ಯೆ ನನಗೆ ಬೇಕು.